ಬೀಡಿ ಹೊತ್ತು

ಹಾವೇರಿ
ಜನವರಿ 18, 2025

ಯಾಡಿ,

ನಾಲ್ಕು ದಿನದಿಂದ ಫೋನು ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಅದಕ್ಕೇ ಕಾಗದ ಹಿಡಿದೆ. ಇಲ್ಲಿ ಆಫೀಸಿನಲ್ಲಿ ಎಲ್ಲರೂ ಅವ್ವ, ಅಮ್ಮ, ಮಮ್ಮಿ ಎನ್ನುವವರೇ. ನಮ್ಮ ಲಂಬಾಣಿ ಮಾತಿನಲ್ಲಿ ತಾಯಿಗೆ ಯಾಡಿ ಎನ್ನುವವಳು ನಾನೊಬ್ಬಳೇ. ಅದನ್ನು ಬಿಡುವುದಿಲ್ಲ.

ಗೆದ್ದೆವು. ಬ್ಯಾಡಗಿಯ ಹಾಲಸಿದ್ದಪ್ಪ ಸಾವಕಾರರ ಮೆಣಸಿನಕಾಯಿ ಗೋದಾಮಿನಲ್ಲಿ ಇನ್ನು ಬೀಡಿ ಇಲ್ಲ. ನೀನು ಅಲ್ಲೇ ಕುಳಿತು ತೊಟ್ಟು ಮುರಿಯುವವಳು, ನಿನಗೆ ಗೊತ್ತಿರುವ ಸುದ್ದಿಯೇ. ಆದರೂ ನಾನು ಹೇಳಬೇಕು. ಬುಡಕಟ್ಟು ಮತ್ತು ಅಲೆಮಾರಿ ಜನರಲ್ಲಿ ತಂಬಾಕು ಕಡಿಮೆ ಮಾಡುತ್ತೇವೆ ಎಂದು ನಮ್ಮ ಯೋಜನೆ ಒಂದೂವರೆ ವರ್ಷದಿಂದ ಈ ಜಿಲ್ಲೆಯ ತಾಂಡಾ ತಾಂಡಾ ತಿರುಗಿ ಭಾಷಣ ಮಾಡಿತು. ಎಲ್ಲರೂ ಚಪ್ಪಾಳೆ ಹೊಡೆದರು, ಹೊರಗೆ ಬಂದು ಬೀಡಿ ಹಚ್ಚಿದರು. ಒಂದು ಜಾಗದಲ್ಲಾದರೂ ಹೊಗೆ ನಿಂತದ್ದು ಇದೇ ಮೊದಲು. ಅದೂ ನಮ್ಮ ತಾಂಡಾದ ನಲವತ್ತೆರಡು ಜನ ದುಡಿಯುವ ಜಾಗದಲ್ಲಿ.

ಬೋರ್ಡಿನ ಅಕ್ಷರ ನನ್ನದೇ. ‘ಈ ಆವರಣದಲ್ಲಿ ಬೀಡಿ, ಸಿಗರೇಟು ಸೇದಬಾರದು.’ ಸಾವಕಾರರು ಮೊಳೆಯನ್ನು ತಾವೇ ಹೊಡೆದರು. ಇಷ್ಟು ಸಲೀಸಾಗಿ ಒಪ್ಪಿದ ಮಾಲೀಕನನ್ನು ನಾನು ಕಂಡಿಲ್ಲ. ಎಲ್ಲರೂ ಫೋಟೋಕ್ಕೆ ನಿಂತಾಗ ನೀನು ರಾಶಿಯ ಹಿಂದೆ ತಲೆ ತಗ್ಗಿಸಿ ಕುಳಿತಿದ್ದೆ. ಯಾಕೆ?

ನಿನ್ನ ಮಗಳು, ನಿನ್ನ ಕೂಲಿಕಾರರ ಸಂಘದಲ್ಲೇ ಘೋಷಣೆ ಕೂಗಲು ಕಲಿತವಳು,
ಶೈಲಶ್ರೀ


ತಾಂಡಾ, ಬ್ಯಾಡಗಿ ತಾಲ್ಲೂಕು
ಜನವರಿ 30, 2025

ಶೈಲಾ,

ಹಾವೇರಿಯಿಂದ ಇಲ್ಲಿಗೆ ಬಸ್ಸಿಗೆ ಒಂದು ತಾಸು, ಕಾಗದಕ್ಕೆ ಐದು ದಿನ. ಇರಲಿ. ಈ ಜಗಳ ಕಾಗದದ ಮೇಲೇ ಆಗಲಿ. ಬಾಯಿಮಾತಾದರೆ ಆಮೇಲೆ ‘ನಾ ಹಂಗ ಅಂದೇ ಇಲ್ಲ’ ಎನ್ನಬಹುದು. ಸಾಕ್ಷರತಾ ಶಾಲೆಯಲ್ಲಿ ಅಕ್ಷರ ಕಲಿತು ಸಂಘದ ಕರಪತ್ರ ಬರೆದ ಕೈ ನನ್ನದು. ಕಾಗದವೂ ಕರಪತ್ರದ ಹಾಗೆ ಕಂಡರೆ ಸಹಿಸಿಕೋ. ಫೋನು ಕೆಟ್ಟಿದೆ. ಅದನ್ನು ಮತ್ತೆ ಕೇಳಬೇಡ.

ನಿಮ್ಮ ಯೋಜನೆ ನಮ್ಮನ್ನು ಅಲೆಮಾರಿ ಎಂದು ಬರೆದುಕೊಂಡಿದೆ. ನಾನು ಮೂವತ್ತೈದು ವರ್ಷದಿಂದ ಒಂದೇ ಗೋದಾಮಿನಲ್ಲಿ, ಒಂದೇ ಗೋಣಿಚೀಲದ ಮೇಲೆ ಕುಳಿತಿದ್ದೇನೆ. ಅಲೆದದ್ದು ಯಾವಾಗ?

ನಿನ್ನ ಬೋರ್ಡಿಗೆ ಸಾವಕಾರ ಯಾಕೆ ಒಪ್ಪಿದ ಎಂದು ಹೇಳುತ್ತೇನೆ, ಕೇಳು. ನಮ್ಮದು ದಿನಗೂಲಿ. ಎಂಟಕ್ಕೆ ಕುಳಿತರೆ ಸಂಜೆ ಆರರ ತನಕ, ನಡುವೆ ಒಂದು ಊಟ. ಇಷ್ಟೇ ಇದ್ದರೆ ನಾವು ಎಂದೋ ಸಾಯುತ್ತಿದ್ದೆವು. ಆದರೆ ಹತ್ತಕ್ಕೊಮ್ಮೆ, ನಾಲ್ಕಕ್ಕೊಮ್ಮೆ ಬೀಡಿ ಹೊತ್ತು ಇತ್ತು. ಒಣ ಮೆಣಸಿನಕಾಯಿ ರಾಶಿಯ ಹತ್ತಿರ ಬೆಂಕಿ ತರಬಾರದಲ್ಲ, ಅದಕ್ಕೇ ಬೀಡಿ ಸೇದುವವರು ಎದ್ದು ಹೊರಗೆ ಬೇವಿನ ಮರದ ಕೆಳಗೆ ಹೋಗಬೇಕು. ಬೀಡಿ ಆರುವ ತನಕ ಕುಳಿತರೆ ಯಾರೂ ಏನೂ ಅನ್ನುವುದಿಲ್ಲ. ಕೈಯಲ್ಲಿ ಬೀಡಿ ಇಲ್ಲದೆ ಅಲ್ಲಿ ನಿಂತು ನೋಡು. ಮುನೀಮ ವಿಜಯಮಹಾಂತೇಶ ಕೂಗುತ್ತಾನೆ: “ಏನ್ ಮರಾ ಕಾಯಾಕ ಬಂದೀಯೇನ?”

ನಾನು ಮೊದಲ ದಿನ ಕೆಲಸಕ್ಕೆ ಹೋದಾಗ ನನಗೆ ಹದಿನೇಳು. ಹತ್ತು ಗಂಟೆಗೆ ನನ್ನ ಯಾಡಿ ಎದ್ದು ಹೋದಳು, ನಾನೂ ಹಿಂದೆ ಹೋದೆ. ಆಗಿನ ಮುನೀಮ ನನ್ನನ್ನು ಒಳಗೆ ಅಟ್ಟಿದ. ನಾಲ್ಕು ಗಂಟೆಗೆ ಅವಳು ತಾನು ಅರ್ಧ ಸೇದಿದ ಬೀಡಿ ನನ್ನ ಬೆರಳಿಗೆ ಸಿಕ್ಕಿಸಿದಳು. “ಬಾಯಾಗ ಹಿಡಿ. ಇಲ್ಲಂದ್ರ ಕುಂದ್ರಾಕ ಬಿಡೂದಿಲ್ಲ ನಿನ್ನ.” ನಾನು ಬೀಡಿ ಕಲಿತದ್ದು ಹೀಗೆ. ತಾಂಡಾದ ಹೆಂಗಸರೆಲ್ಲ ಕಲಿತದ್ದು ಹೀಗೆ. ನಾವು ಸೇದಿದ್ದು ಹೊಗೆಯನ್ನಲ್ಲ ಶೈಲಾ, ನೆರಳನ್ನು.

ಈಗ ಬೀಡಿ ಇಲ್ಲ, ಆದ್ದರಿಂದ ಹೊತ್ತೂ ಇಲ್ಲ. ಎಂಟರಿಂದ ಒಂದರ ತನಕ ಯಾರೂ ಬೆನ್ನು ನೆಟ್ಟಗೆ ಮಾಡುವ ಹಾಗಿಲ್ಲ. ಬೀಡಿಯಾದರೂ ನಿಂತಿತೇ ಎಂದರೆ, ಅದೂ ಇಲ್ಲ. ಪಾಯಖಾನೆಯಲ್ಲಿ ನಿಂತು ಗಬಗಬ ಎರಡೆರಡು ಸೇದಿ ಬರುತ್ತಾರೆ. ಮೊಳೆಯನ್ನು ಸಾವಕಾರ ಯಾಕೆ ತಾನೇ ಹೊಡೆದ ಎಂದು ಈಗ ತಿಳಿಯಿತೇ?

ಮಗಳ ಮೇಲೆ ಸಿಟ್ಟಿದ್ದರೂ ಮಗಳೆಂದೇ ಬರೆಯುವ,
ಪ್ರೇಮವ್ವ


ಹಾವೇರಿ
ಫೆಬ್ರವರಿ 9, 2025

ಯಾಡಿ,

ನನಗೂ ಸಿಟ್ಟು ಬಂದಿದೆ, ಮುಚ್ಚಿಡುವುದಿಲ್ಲ. ಹಾಗಾದರೆ ಬೀಡಿ ಉಳಿಸಿಕೊಳ್ಳಬೇಕೇ? ನೆರಳಿನಲ್ಲಿ ಹತ್ತು ನಿಮಿಷ ಸಿಗುತ್ತದೆಂದು ಎದೆಗೂಡು ಬರೆದುಕೊಡಬೇಕೇ? ಬೆವರನ್ನು ಅವರು ಕಿತ್ತುಕೊಂಡರು, ಉಸಿರನ್ನು ನಾವೇ ಕೈಯಾರೆ ಒಪ್ಪಿಸಬೇಕೇ? ನಿನ್ನ ಬೆರಳಿಗೆ ಅರ್ಧ ಬೀಡಿ ಸಿಕ್ಕಿಸಿದ ಅಜ್ಜಿ ಕೊನೆಯ ಎರಡು ವರ್ಷ ಗೋಡೆಗೆ ಒರಗಿ ಕುಳಿತೇ ನಿದ್ದೆ ಮಾಡಿದಳು. ಮಲಗಿದರೆ ಉಸಿರು ಬರುತ್ತಿರಲಿಲ್ಲ. ಅದನ್ನು ಕಾಗದದಲ್ಲಿ ಯಾಕೆ ಬಿಟ್ಟೆ?

ಇನ್ನೊಂದನ್ನೂ ಬಿಟ್ಟಿದ್ದೀ. ಫೋನು ಕೆಟ್ಟಿಲ್ಲ. ಸಂಕ್ರಾಂತಿಗೆ ಮೊದಲು ಮಾತಾಡಿದಾಗ ನೀನು ಎರಡು ಸಲ ಫೋನನ್ನು ದೂರ ಹಿಡಿದೆ. ನಾನು ಆರು ವರ್ಷದವಳಿದ್ದಾಗ ರಾಣೆಬೆನ್ನೂರು ಸಂತೆಯಲ್ಲಿ ಕಳೆದುಹೋಗಿದ್ದೆ, ನೆನಪಿದೆಯಾ? ಸಾವಿರ ಜನರ ಗದ್ದಲದಲ್ಲಿ ಬಳೆ ಅಂಗಡಿಗಳ ಕಡೆಯಿಂದ ನಿನ್ನ ಕೆಮ್ಮು ಕೇಳಿತು. ಅದನ್ನೇ ಹಿಡಿದು ನಡೆದುಬಂದು ನಿನ್ನ ಲಂಗ ಹಿಡಿದೆ. ಆ ಕೆಮ್ಮು ನನಗೆ ಗೊತ್ತು. ಈಗಿನದು ಅದಲ್ಲ.

ತೋರಿಸಿಕೊಂಡೆಯಾ ಇಲ್ಲವಾ, ಅಷ್ಟು ಹೇಳು.

ಶೈಲಶ್ರೀ


ಹಾವೇರಿ
ಫೆಬ್ರವರಿ 27, 2025

ಯಾಡಿ,

ನೀನು ಉತ್ತರ ಬರೆಯಲಿಲ್ಲ, ಅದಕ್ಕೇ ನಾನೇ ಬಂದೆ. ನಿನ್ನೆ ಗೋದಾಮಿಗೆ ಪರಿಶೀಲನೆಗೆಂದು ಬಂದವಳು ಇಡೀ ದಿನ ಕೆಳಗೆ ಕುಳಿತದ್ದನ್ನು ನೀನು ನೋಡಿದೆ. ನಡುವೆ ಮೆಣಸಿನಕಾಯಿ ರಾಶಿ, ಆ ಕಡೆ ನೀನು, ಈ ಕಡೆ ನಾನು. ಒಂದು ಮಾತೂ ಆಡಲಿಲ್ಲ. ಒಂದು ಹೆಂಗಸು ನನಗೆ ಗೋಣಿಚೀಲ ಹಾಸಿಕೊಟ್ಟಳು. ಅದು ನೀನು ಕಳಿಸಿದ್ದೆಂದು ನನಗೆ ಗೊತ್ತು.

ಹತ್ತೂವರೆಗೆ ನನ್ನ ಸೊಂಟ ಸತ್ತುಹೋಯಿತು. ಎದ್ದು ನಿಂತೆ. ಮುನೀಮ ಓಡಿಬಂದ. “ಮೇಡಂ, ಕುರ್ಚಿ ಮ್ಯಾಲ ಕುಂದ್ರಿ, ಚಾ ತರಸ್ತೇನಿ.” ನನ್ನ ಪಕ್ಕದ ಮೈಮುನಾಬಿ, ಬ್ಯಾಡಗಿ ಊರೊಳಗಿನ ಹೆಂಗಸು, ಅದೇ ಹೊತ್ತಿಗೆ ಎದ್ದಳು. “ನೀ ಯಾಕ ಎದ್ದಿ?” “ಕಾಲು ಜೋಮು ಹಿಡದಾವ್ರಿ.” “ಮನಿಗೆ ಹೋಗಿ ಬಿಡಸ್ಕೋ.” ಅವಳು ಕುಳಿತಳು. ನನ್ನ ಕಡೆ ತಿರುಗಿ ನಕ್ಕಳು: “ನಾವು ಬೀಡಿ ಸೇದೂದಿಲ್ರಿ ಅಕ್ಕಾರ. ಅದಕ್ಕ ನಮಗ ಮೊದಲೂ ಏಳಾಕ ಬಿಡ್ತಿರಲಿಲ್ಲ. ನಿಮ್ಮ ಬೋರ್ಡ್ ಬಂದ ಮ್ಯಾಲ ಎಲ್ಲಾರೂ ಸಮಾ ಆಗೇವಿ.”

ಆ ಮಾತು ನನ್ನ ಕೆನ್ನೆಗೆ ಬಿತ್ತು. ತಪ್ಪು ನನ್ನದು. ನಾನು ಹೊಗೆಯನ್ನು ಮಾತ್ರ ನೋಡಿದೆ, ಅದರ ಕೆಳಗೆ ಕುಳಿತ ಮನುಷ್ಯರನ್ನು ನೋಡಲಿಲ್ಲ. ಬೋರ್ಡು ಬರೆಯುವ ಮೊದಲು ನಿನ್ನನ್ನು ಒಂದು ಮಾತು ಕೇಳಬೇಕಿತ್ತು. ತಾಂಡಾದಲ್ಲೇ ಹುಟ್ಟಿದವಳು, ಎಲ್ಲ ಗೊತ್ತು ಅಂದುಕೊಂಡೆ.

ನೀನು ಕೆಮ್ಮಿದಾಗ ಎಲ್ಲರೂ ಮೆಣಸಿನ ಘಾಟು ಅಂದುಕೊಂಡರು. ನಾನು ಅಂದುಕೊಳ್ಳಲಿಲ್ಲ.

ಶೈಲಶ್ರೀ


ತಾಂಡಾ
ಮಾರ್ಚ್ 9, 2025

ಶೈಲಾ,

ತಪ್ಪು ನನ್ನದು ಎಂದು ಬರೆದಿದ್ದೀ. ಮೂವತ್ತೈದು ವರ್ಷದ ಗೋದಾಮಿನಲ್ಲಿ ಈ ಎರಡು ಪದ ನಾನು ಯಾವ ಬೋರ್ಡಿನ ಮೇಲೂ ಓದಿಲ್ಲ. ಕಾಗದ ಮಡಚಿ ಲಂಗದ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ.

ಕೆಮ್ಮಿನ ಮಾತೂ ಖರೇ. ತೋರಿಸಿಕೊಂಡಿಲ್ಲ. ಮುಂದಿನ ಸಾಲಿಗೆ ನಡಿ.

ಬೀಡಿ ಬಿಡುತ್ತೇನೆ, ಹೊತ್ತು ಬಿಡುವುದಿಲ್ಲ. ಇವೆರಡನ್ನು ಒಂದೇ ಕಡ್ಡಿಯಿಂದ ಹಚ್ಚಿ ಹಚ್ಚಿ ಒಂದೇ ಅಂದುಕೊಂಡಿದ್ದೆವು. ಅಲ್ಲ. ಬೀಡಿ ಸಾವಕಾರನ ಕಡೆಯದು, ಹೊತ್ತು ನಮ್ಮದು. ನಿನ್ನೆ ತಾಂಡಾದ ನಾಯಕ ಠಾಕರಪ್ಪನ ಅಂಗಳದಲ್ಲಿ ಕೂಡಿದ್ದೆವು. ಮೈಮುನಾಬಿ ಊರಿನ ಹದಿನೇಳು ಜನರನ್ನು ಕಟ್ಟಿಕೊಂಡು ಬಂದಿದ್ದಳು. ಠಾಕರಪ್ಪ ಬೀಡಿ ಕಟ್ಟು ಬಿಚ್ಚಿ ಒಂದೊಂದೇ ಹಂಚಲು ಹೊರಟ. ನಮ್ಮಲ್ಲಿ ಕೂಟವೆಂದರೆ ಮೊದಲು ಅದೇ. ಕೊಟ್ಟ ಬೀಡಿ ಬೇಡ ಎಂದರೆ ಕೊಟ್ಟವನನ್ನೇ ಬೇಡ ಎಂದ ಹಾಗೆ. ನಾನು ಹೇಳಿದೆ: “ನಾಯಕ, ಇವತ್ತ ಬೀಡಿ ಬ್ಯಾಡ, ಬೆಲ್ಲಾ ತರಸು.”

ಅವನು ನಕ್ಕ. “ಯಾರದ ಮದವಿ ಐತಬೇ?”

ನಿನಗೆ ಗೊತ್ತಲ್ಲ, ನಮ್ಮಲ್ಲಿ ಹೆಣ್ಣುಗಂಡಿನ ನಿಶ್ಚಯಕ್ಕೆ ಬೆಲ್ಲ ತಿನ್ನುತ್ತೇವೆ, ತಿಂದ ಮೇಲೆ ಮಾತು ತಿರುಗುವುದಿಲ್ಲ. ಅದೇ ಬೆಲ್ಲ ತಿಂದು ಅರವತ್ತು ಜನ ಮಾತು ಕೊಟ್ಟೆವು. ಹತ್ತು ಗಂಟೆಗೆ ಎಲ್ಲರೂ ಏಳುವುದು. ಬರಿಗೈಯಲ್ಲಿ. ಬೀಡಿ ಬಿಟ್ಟೇ ಬಿಡಿ ಎಂದು ಯಾರಿಗೂ ಹೇಳಲಿಲ್ಲ, ಮರದ ಕೆಳಗೆ ಮಾತ್ರ ಬೇಡ ಎಂದೆ. ನಾನು ಮಾತ್ರ ಇವತ್ತು ಬೆಳಿಗ್ಗೆಯಿಂದ ಹಚ್ಚಿಲ್ಲ. ಬಾಯಿ ಹುಳಿ ಹುಳಿ, ಕೈಗೆ ಕೆಲಸವಿಲ್ಲ, ಎಲ್ಲರ ಮೇಲೂ ಸಿಟ್ಟು. ನಿನ್ನ ಮೇಲೂ. ಬದುಕಿಕೊಂಡೆ ನೀನು ದೂರ ಇದ್ದು.

ಪ್ರೇಮವ್ವ


ಹಾವೇರಿ
ಮಾರ್ಚ್ 15, 2025

ಯಾಡಿ,

ನಮ್ಮ ಆಫೀಸಿಗೆ ಸುದ್ದಿ ಮುಟ್ಟಿದೆ. ಯೋಜನೆಯ ಮುಖ್ಯಸ್ಥರು ಕರೆದು ಕೇಳಿದರು: “ಮಾದರಿ ಗೋದಾಮು ಅಂತ ಮ್ಯಾಲಿನವರಿಗೆ ಫೋಟೋ ಕಳಿಸೇವಿ. ಅಲ್ಲೇ ಗದ್ದಲ ಅಂದ್ರ ಹೆಂಗ್ರಿ? ನಿಮ್ಮ ತಾಯಿಗೆ ಒಂದಷ್ಟು ಹೇಳ್ರಿ.”

ಹೇಳಿದೆ. “ನಮ್ಮ ತಾಯಿ ನನಗ ಹೇಳ್ಯಾಳ್ರಿ. ಈಗ ನಾ ನಿಮಗ ಹೇಳ್ತೇನಿ.” ವರದಿಯ ಮೊದಲ ಸಾಲಿನಲ್ಲೇ ಬರೆದಿದ್ದೇನೆ: ವಿಶ್ರಾಂತಿ ಕಿತ್ತುಕೊಂಡು ಬೀಡಿ ಬಿಡಿಸಲು ಹೋದೆವು, ಎರಡೂ ಕೆಟ್ಟವು. ಕೆಲಸ ಹೋದರೆ ಬಂದು ನಿನ್ನ ಪಕ್ಕ ತೊಟ್ಟು ಮುರಿಯುತ್ತೇನೆ. ಆ ದಿನದ ಬೆನ್ನುನೋವಿಗಿಂತ ‘ಮಾದರಿ ಗೋದಾಮು’ ಎಂಬ ಈ ಸುಳ್ಳಿನ ನೋವು ಜಾಸ್ತಿ.

ಗೇಟು ಮುಚ್ಚಿದ್ದಾರಂತೆ. ಹೆದರಿಕೊಂಡಿಲ್ಲ ತಾನೇ? ನಾನು ಹೆದರಿಕೊಂಡಿಲ್ಲ. ಬೀಡಿಗೆ ಮಾತ್ರ ಹೆದರುತ್ತಿದ್ದೇನೆ. ಹಸಿವು, ಸಿಟ್ಟು, ಖಾಲಿ ದಿನ, ಅದು ಬರುವುದೇ ಇಂಥ ಹೊತ್ತಿನಲ್ಲಿ.

ಶೈಲಶ್ರೀ


ತಾಂಡಾ
ಮಾರ್ಚ್ 24, 2025

ಶೈಲಾ,

ಕುಳಿತು ಓದು.

ಮೊದಲ ದಿನ ಹತ್ತಕ್ಕೆ ಅರವತ್ತು ಜನ ಎದ್ದೆವು. ಬೇವಿನ ಮರದ ಕೆಳಗೆ ಬರಿಗೈಯಲ್ಲಿ ಕುಳಿತು ಚೂರು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದೆವು. ಮೆಣಸಿನ ಘಾಟಿಗೆ ಬೆಲ್ಲ ಎಷ್ಟು ಹಿತ ಗೊತ್ತೇ? ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಮುನೀಮ ಓಡಿಬಂದ.

“ಏನಿದು? ಬೋರ್ಡ್ ಓದಿಲ್ಲೇನ?”

ನಾನು ಹೇಳಿದೆ: “ಓದೇವ್ರಿ. ಬೀಡಿ ಸೇದಬಾರದು ಅಂತ ಬರದೈತಿ. ಕುಂದರಬಾರದು ಅಂತ ಎಲ್ಲೆ ಬರದೈತಿ, ತೋರಸ್ರಿ.”

“ಬೀಡಿ ಇಲ್ಲಂದ ಮ್ಯಾಲ ಹೊರಗ್ಯಾಕ ಬಂದ್ರಿ?”

ಮೈಮುನಾಬಿ ಮರಕ್ಕೆ ಬೆನ್ನು ಕೊಟ್ಟು ಕಾಲು ಚಾಚಿದಳು. “ಇಪ್ಪತ್ತೆರಡು ವರ್ಷ ಆತ್ರಿ ಒಳಗ ಕುಂತು ಈ ಮರಾ ನೋಡಾಕತ್ತು. ನೆರಳು ತಣ್ಣಗಿರತೈತಿ ಅಂತ ಇವತ್ತ ಗೊತ್ತಾತು.”

ಮರುದಿನ ಗೇಟು ಮುಚ್ಚಿದರು. ನಾಲ್ಕು ದಿನ ನಾವು ಗೇಟಿನ ಹೊರಗೇ ಕುಳಿತೆವು. ಒಳಗೆ ಮೆಣಸಿನಕಾಯಿ ರಾಶಿ ಬಿದ್ದಿತ್ತು, ಹೊರಗೆ ಎರಡು ಲಾರಿ ಕಾಯುತ್ತಿದ್ದವು. ಐದನೆಯ ದಿನ ಸಾವಕಾರ ತಾನೇ ಬಂದ. ಕೈಯಲ್ಲಿ ಏನಿತ್ತು ಹೇಳು? ಬೀಡಿ. ಪುಡಿಕೆಯಲ್ಲ, ದೊಡ್ಡ ಕಟ್ಟು.

“ಪ್ರೇಮವ್ವ, ನಿನ್ನ ಮಗಳ ಮಾತು ಕೇಳಿ ಬೋರ್ಡ್ ಹಾಕಿದೆ. ಬ್ಯಾಡಾದ್ರ ತಗದ ಬಿಡ್ತೇನಿ. ತಗೋರಿ, ಮೊದಲಿನಂಗ ಸೇದ್ರಿ, ಮೊದಲಿನಂಗ ದುಡೀರಿ. ಜಗಳ ಯಾಕ?”

ಅವನ ಲೆಕ್ಕ ನೋಡು. ಬೀಡಿ ಐದು ನಿಮಿಷಕ್ಕೆ ಆರುತ್ತದೆ, ಹೊತ್ತೂ ಅದರ ಜೊತೆ ಆರುತ್ತದೆ. ಸೇದುವ ನಲವತ್ತೆರಡು ಜನ ಏಳುತ್ತಾರೆ, ಸೇದದ ಹದಿನೆಂಟು ಜನ ಒಳಗೇ ಕೊಳೆಯುತ್ತಾರೆ, ನಮ್ಮ ನಮ್ಮಲ್ಲೇ ಗೋಡೆ. ಬೋರ್ಡು ಹಾಕಿದರೂ ಅವನದೇ, ತೆಗೆದರೂ ಅವನದೇ.

ಇದೆಲ್ಲ ನನ್ನ ತಲೆಗೆ ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಹತ್ತು ದಿನವಾಗಿತ್ತು ಮುಟ್ಟಿ. ಎಲೆಯ ವಾಸನೆ ಮೂಗಿಗೆ ಬಂತು, ಕೈ ಮುಂದೆ ಹೋಯಿತು. ನಾನು ಕಳಿಸಿದ್ದಲ್ಲ ಶೈಲಾ, ತಾನಾಗಿ ಹೋಯಿತು. ಕೊಟ್ಟ ಬೀಡಿ ಬೇಡ ಅನ್ನದ ಜಾತಿಯ ಕೈ ಅದು. ಹಿಂದೆ ಐವತ್ತೊಂಬತ್ತು ಜನ ನಿಂತಿದ್ದರು. ಬೆರಳು ಕಟ್ಟಿಗೆ ತಗಲುವಷ್ಟರಲ್ಲಿ ಮೈಮುನಾಬಿ ಆ ಕೈ ಹಿಡಿದು ಅಂಗೈ ಮೇಲೆ ಒಂದು ಬೆಲ್ಲದ ಉಂಡೆ ಇಟ್ಟಳು. ಹಗುರವಾಗಿ ಅಂದಳು: “ಕೈ ಖಾಲಿ ಇತ್ತೇನಕ್ಕಾ? ತಗೋ.”

ಆ ಉಂಡೆಯನ್ನೇ ಸಾವಕಾರನ ಮುಂದೆ ಹಿಡಿದೆ.

“ನೀವ ಬೆಲ್ಲಾ ತಗೋರಿ ಸಾವಕಾರ್ರ. ಹತ್ತಕ್ಕೊಮ್ಮೆ, ನಾಕಕ್ಕೊಮ್ಮೆ, ಹದಿನೈದು ನಿಮಿಷ. ಸೇದಾವ್ರಿಗೂ ಸೇದದಾವ್ರಿಗೂ. ತಿಂದು ಮಾತು ಕೊಡ್ರಿ.”

ಅವನು ಬೆಲ್ಲ ನೋಡಿದ. ಬೆಲ್ಲ ಇಟ್ಟುಕೊಂಡ ಕೈ ನೋಡಿದ. “ನನಗ ಶುಗರ್ ಐತೆವ್ವಾ.”

ಹೋದ ತಿಂಗಳು ಅವನ ಮಗನ ಮದುವೆಯಲ್ಲಿ ನಾವೇ ಪಾತ್ರೆ ತೊಳೆದಿದ್ದೆವು. ಅವನು ಎಷ್ಟು ಜಿಲೇಬಿ ತಿಂದ ಎಂದು ಅರವತ್ತು ಜನಕ್ಕೂ ಗೊತ್ತು. “ಗೊತ್ತ್ರಿ ಸಾವಕಾರ್ರ, ತಾಂಡಾದ ಕೈಯಾಗಿನ ಬೆಲ್ಲಕ್ಕ ಅಷ್ಟ ಬರೂ ಶುಗರ್ ಅದು. ತಿನಬ್ಯಾಡ್ರಿ. ಬರದ ಕೊಡ್ರಿ.”

ಲಾರಿಯ ಡ್ರೈವರನೇ ಮೊದಲು ನಕ್ಕ. ಆಮೇಲೆ ಎಲ್ಲರೂ ನಕ್ಕರು. ಆ ನಗು ನಿಲ್ಲಲಿ ಎಂದೇ ಸಾವಕಾರ ಬರೆಯಿಸಿದ ಅನ್ನಿಸುತ್ತದೆ. ನಿನ್ನ ಬೋರ್ಡನ್ನು ಕೀಳಲು ನಾನು ಬಿಡಲಿಲ್ಲ. ನಿನ್ನ ಸಾಲಿನ ಕೆಳಗೆ ಮುನೀಮನ ಕೈಯಿಂದ ಇನ್ನೊಂದು ಸಾಲು ಬಂತು: ‘ಬೆಳಿಗ್ಗೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಎಲ್ಲ ಕೆಲಸಗಾರರಿಗೂ ಹದಿನೈದು ನಿಮಿಷ ವಿಶ್ರಾಂತಿ.’ ಅವನ ಅಕ್ಷರ ಕಾಗೆ ಕಾಲು. ಆದರೆ ಬೋರ್ಡು ಈಗ ಓದುವ ಹಾಗಿದೆ.

ಬೆಲ್ಲ ನಾನೇ ತಿಂದೆ.

ಪ್ರೇಮವ್ವ


ಹಾವೇರಿ
ಏಪ್ರಿಲ್ 4, 2025

ಯಾಡಿ,

ಕಾಗದ ಆಫೀಸಿನಲ್ಲಿ ಗಟ್ಟಿಯಾಗಿ ಓದಿದೆ. ಶುಗರಿನ ಸಾಲಿಗೆ ಮುಖ್ಯಸ್ಥರೂ ನಕ್ಕರು. ಕೆಲಸ ಉಳಿದಿದೆ. ಇನ್ನು ಮುಂದೆ ಯಾವ ಬೋರ್ಡು ಬರೆದರೂ ಎರಡೂ ಸಾಲು ಒಟ್ಟಿಗೇ ಬರೆಯಬೇಕು ಎಂದು ಒಪ್ಪಿಸಿದ್ದೇನೆ.

ಈಗ ನನ್ನ ಬೇಡಿಕೆ. ಬುಧವಾರ ರಾಣೆಬೆನ್ನೂರಿಗೆ ಎಕ್ಸ್‌ರೇಗೆ ಬಾ. ನಾನು ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತೇನೆ. ನೀನು ನನ್ನನ್ನು ಹುಡುಕಬೇಡ. ನಿನ್ನ ಕೆಮ್ಮು ಕೇಳಿ ನಾನೇ ಬರುತ್ತೇನೆ.

ಶೈಲಶ್ರೀ


ತಾಂಡಾ
ಜೂನ್ 14, 2025

ಶೈಲಾ,

ಡಾಕ್ಟರ್ ಕೊಟ್ಟ ಉಸಿರಿನ ಪಂಪನ್ನು ಎರಡು ಹೊತ್ತೂ ಎಳೆಯುತ್ತಿದ್ದೇನೆ. ಬೀಡಿ ಎಳೆದು ಅಭ್ಯಾಸ ಇರುವವರಿಗೆ ಇದೇನು ದೊಡ್ಡ ವಿದ್ಯೆಯಲ್ಲ. ಟಿಬಿ ಅಲ್ಲ ಎಂದು ಅವರು ಹೇಳಿದಾಗ ನೀನು ಬಾಗಿಲ ಕಡೆ ತಿರುಗಿ ನಿಂತೆ, ನಾನು ನೋಡಿದೆ. ಹೋದ ಉಸಿರು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಯಬಹುದು ಎಂದರಲ್ಲ. ಕಾಯುತ್ತೇನೆ. ಜಗಳಕ್ಕೆ ಅಷ್ಟು ಸಾಕು.

ಸುಳ್ಳು ಬರೆಯುವುದಿಲ್ಲ. ಮೇ ತಿಂಗಳಲ್ಲಿ ಒಂದು ದಿನ ಸೇದಿದೆ. ಅರ್ಧಕ್ಕೆ ಎಸೆದೆ ಎಂದು ಬರೆಯಬೇಕೆಂದಿದ್ದೆ, ಪೂರ್ತಿ ಸೇದಿದೆ. ಮರುದಿನದಿಂದ ಮತ್ತೆ ಇಲ್ಲ. ನಲವತ್ತೆರಡರಲ್ಲಿ ಇಪ್ಪತ್ತಾರು ಜನ ಬಿಟ್ಟಿದ್ದಾರೆ. ಠಾಕರಪ್ಪ ಬಿಟ್ಟಿಲ್ಲ, ಆದರೆ ಕೂಟದಲ್ಲಿ ಹಂಚುವುದನ್ನು ನಿಲ್ಲಿಸಿದ. ಕರ್ಜಗಿ ಕಡೆಯ ತಾಂಡಾದ ಹೆಂಗಸರು ಆ ಬೋರ್ಡು ನೋಡಲು ಬಂದಿದ್ದರು. ಅಳತೆ ತೆಗೆದುಕೊಂಡು ಹೋದರು.

ಭಾನುವಾರ ಹತ್ತಕ್ಕೆ ಫೋನು ಮಾಡು. ಎತ್ತುತ್ತೇನೆ. ನಡುವೆ ಕೆಮ್ಮಿದರೆ ಕಾಯಿ, ಮಾತು ಅಲ್ಲಿಗೆ ಮುಗಿದಿರುವುದಿಲ್ಲ.

ಇನ್ನೊಂದು ಹೇಳುವುದಿದೆ, ಅದಕ್ಕೇ ಈ ಕಾಗದ. ಸೋಮವಾರ ತಾಂಡಾದ ಹೊಸ ಸೊಸೆ ಸುಧಾರಾಣಿ ಗೋದಾಮಿಗೆ ಬಂದಳು. ಇಪ್ಪತ್ತರ ಹುಡುಗಿ, ಮೊದಲ ದಿನ. ಹತ್ತಕ್ಕೆ ಎಲ್ಲರೂ ಎದ್ದಾಗ ಅವಳು ಹಿಂದೆ ಹಿಂದೆ ಬಂದು ಮರದ ಹತ್ತಿರ ನಿಂತಳು. ಕೈ ಎಲ್ಲಿ ಇಡಬೇಕೋ ತಿಳಿಯದೆ ಸೆರಗಿನ ಚುಂಗು ಹಿಡಿದಿದ್ದಳು. ಮುನೀಮನ ಕಡೆ ಹೆದರಿ ನೋಡಿದಳು. ನನ್ನನ್ನು ಕೇಳಿದಳು: “ಆಯಿ, ನಾ ಏನೂ ಸೇದೂದಿಲ್ಲ. ಕುಂದ್ರಲ್ಯಾ?”

“ಕುಂದ್ರು” ಎಂದೆ.

ಕುಳಿತಳು.

ಪ್ರೇಮವ್ವ